ನಗರಗಳ ಗಗನರೇಖೆ

ಸಂಜೆಯ ಹೊತ್ತಿನಲ್ಲಿ ಒಂದು ಮಹಾನಗರವನ್ನು ದೂರದಿಂದ ನೋಡಿದರೆ ಅದರ ಬೀದಿಗಳಾಗಲಿ, ಅಂಗಡಿಗಳಾಗಲಿ, ಜನಸಂದಣಿಯಾಗಲಿ ಕಣ್ಣಿಗೆ ಬೀಳುವುದಿಲ್ಲ. ಕಟ್ಟಡಗಳ ನೆತ್ತಿಗಳು ಆಕಾಶವನ್ನು ಸಂಧಿಸುವೆಡೆಯಲ್ಲಿ ಮೂಡುವ, ಏರಿಳಿತಗಳಿಂದ ಕೂಡಿದ ಒಂದು ಗೆರೆ ಮಾತ್ರ ಕಾಣುತ್ತದೆ. ಇಂಗ್ಲಿಷಿನಲ್ಲಿ ಇದನ್ನು ‘ಸ್ಕೈಲೈನ್’ ಎನ್ನುತ್ತಾರೆ. ನಾವು ಗಗನರೇಖೆ ಎನ್ನಬಹುದು. ಬೆಟ್ಟಸಾಲಿನ ಗೆರೆಯನ್ನು ಎಳೆದುದು ಪ್ರಕೃತಿ. ನಗರದ ಗಗನರೇಖೆಯನ್ನು ಎಳೆಯುವವನು ಮನುಷ್ಯ. ಆದುದರಿಂದ ಅದರ ಚೆಲುವಿಗೂ ಕುಂದಿಗೂ ಅವನೇ ಹೊಣೆಗಾರನು.

ಹಿಂದಿನ ಕಾಲದ ಪಟ್ಟಣಗಳನ್ನು ದೂರದಿಂದ ಗುರುತಿಸುವುದು ಸುಲಭವಾಗಿತ್ತು. ದೇವಾಲಯದ ಗೋಪುರ, ಮಸೀದಿಯ ಮಿನಾರು, ಇಗರ್ಜಿಯ ಶಿಖರ ಅಥವಾ ಕೋಟೆಯ ಬುರುಜು ಮನೆಗಳ ಮಾಡುಗಳಿಗಿಂತ ಮೇಲೆದ್ದು ನಿಲ್ಲುತ್ತಿದ್ದವು. ಜನರು ಯಾವುದನ್ನು ಹಿರಿದೆಂದು ಬಗೆದಿದ್ದರೋ ಅದನ್ನೇ ಎತ್ತರವಾಗಿ ಕಟ್ಟುತ್ತಿದ್ದರು. ಇಂದಿನ ಮಹಾನಗರಗಳಲ್ಲಿಯಾದರೋ ಮುಗಿಲನ್ನು ಮುಟ್ಟುವಂತೆ ನಿಂತಿರುವುವು ವಾಣಿಜ್ಯ ಸಂಸ್ಥೆಗಳ ಕಚೇರಿಗಳು, ಬ್ಯಾಂಕುಗಳು, ಹೋಟೆಲುಗಳು ಮತ್ತು ಸಿರಿವಂತರ ವಸತಿಗಳು. ಈ ಮಾರ್ಪಾಡು ಹೇಗೆ ಉಂಟಾಯಿತು? ಎಲ್ಲ ನಗರಗಳಲ್ಲಿಯೂ ಒಂದೇ ಬಗೆಯಾಗಿ ಉಂಟಾಯಿತೆ? ಎತ್ತರವಾದುದೆಲ್ಲವೂ ಚೆಲುವಾದುದೆ?

ಕಲ್ಲು ಇಟ್ಟಿಗೆಗಳ ಕಟ್ಟಡದಲ್ಲಿ ಮೇಲಿನ ಅಂತಸ್ತುಗಳ ಭಾರವನ್ನೆಲ್ಲ ಗೋಡೆಗಳೇ ಹೊರಬೇಕು. ಎತ್ತರ ಹೆಚ್ಚಿದಷ್ಟೂ ತಳದ ಗೋಡೆ ದಪ್ಪವಾಗಬೇಕು. ಇದಲ್ಲದೆ ಐದಾರು ಅಂತಸ್ತುಗಳಿಗಿಂತ ಹೆಚ್ಚು ಮೆಟ್ಟಿಲುಗಳನ್ನು ದಿನವೂ ಹತ್ತಿ ಇಳಿಯುವವರಾರು? ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡು ಅಡ್ಡಿಗಳೂ ನೀಗಿದವು. ಹಗ್ಗ ಕಡಿದರೂ ಕೆಳಗೆ ಬೀಳದಂತಹ ಲಿಫ್ಟನ್ನು ಎಲಿಶಾ ಓಟಿಸ್ ಎಂಬ ಅಮೆರಿಕದ ಯಂತ್ರಕುಶಲಿಯು ರಚಿಸಿದನು. 1857ರಲ್ಲಿ ನ್ಯೂಯಾರ್ಕಿನ ಒಂದು ಅಂಗಡಿಯಲ್ಲಿ ಜನರನ್ನು ಹೊತ್ತೊಯ್ಯುವ ಅಂತಹ ಲಿಫ್ಟು ಬಳಕೆಗೆ ಬಂದಿತು. 1871ರ ಭೀಕರ ಬೆಂಕಿಯಲ್ಲಿ ಸುಟ್ಟುಹೋಗಿದ್ದ ಷಿಕಾಗೊ ನಗರವು ಮತ್ತೆ ಏಳುತ್ತಿದ್ದಾಗ, 1885ರಲ್ಲಿ, ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬ ಶಿಲ್ಪಿಯು ಹತ್ತು ಅಂತಸ್ತುಗಳ ಒಂದು ವಿಮಾ ಕಚೇರಿಯನ್ನು ಕಟ್ಟಿಸಿದನು. ಅದರ ಭಾರವನ್ನು ಬಹುಮಟ್ಟಿಗೆ ಹೊತ್ತುದು ಕಬ್ಬಿಣ ಮತ್ತು ಉಕ್ಕಿನ ಹಂದರ. ಎಲುಬಿನ ಹಂದರದ ಮೇಲೆ ತೊಗಲಿನಂತೆ, ಗೋಡೆಯು ಬರಿಯ ಹೊದಿಕೆಯಾಗುವ ಕಾಲ ಅಲ್ಲಿಂದ ಆರಂಭವಾಯಿತು. ಗಗನಚುಂಬಿ ಕಟ್ಟಡಗಳ ಮೂಲಪುರುಷನೆನಿಸಿದ ಆ ಕಟ್ಟಡವನ್ನು 1931ರಲ್ಲಿ ಕೆಡವಿದರು.

ಈ ಹೊಸ ವಿದ್ಯೆಯು ನಗರದ ಮುಖವನ್ನೇ ಮಾರ್ಪಡಿಸಿದ ಬಗೆಯನ್ನು ನ್ಯೂಯಾರ್ಕಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಆ ನಗರದ ಹೃದಯಭಾಗವಾದ ಮ್ಯಾನ್‌ಹಟನ್ ಒಂದು ಕಿರಿದಾದ ದ್ವೀಪ. ಸುತ್ತಲೂ ನೀರು, ಅಗಲವಾಗಿ ಹರಡಲು ಎಡೆಯಿಲ್ಲ. 1846ರಲ್ಲಿ ಪೂರ್ಣಗೊಂಡ ಟ್ರಿನಿಟಿ ಇಗರ್ಜಿಯ ಶಿಖರ ಸುಮಾರು 86 ಮೀಟರ್ ಎತ್ತರವಾಗಿದ್ದು, ಬಂದರಿಗೆ ಬರುವ ಹಡಗುಗಳಿಗೆ ನಗರದ ಗುರುತಾಗಿತ್ತು. 1890ರಲ್ಲಿ ಒಂದು ವೃತ್ತಪತ್ರಿಕೆಯ ಕಚೇರಿ ಅದನ್ನು ಮೀರಿ ನಿಂತಿತು. 1913ರಲ್ಲಿ ಅಗ್ಗದ ಸರಕುಗಳ ಅಂಗಡಿಗಳಿಂದ ಕೋಟ್ಯಧೀಶನಾದ ವುಲ್‌ವರ್ತನು 241 ಮೀಟರಿನ ಕಟ್ಟಡವನ್ನೆಬ್ಬಿಸಿದನು. ಇಂದು ಟ್ರಿನಿಟಿಯ ಶಿಖರವು ಎತ್ತರದ ಕಚೇರಿಗಳ ನಡುವೆ ಬಾವಿಯ ತಳದಲ್ಲಿ ನಿಂತಂತೆ ತೋರುತ್ತದೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಗಗನರೇಖೆಗೂ ಸಲ್ಲುತ್ತದೆ. ಹಡಗಿನಲ್ಲಿ ನಿಂತು ನೋಡುವವನಿಗೆ ಮನೋಹರವಾದ ಸೌಧವು ಅದರ ಕೆಳಗಿನ ಬೀದಿಯಲ್ಲಿ ನಡೆಯುವವನಿಗೆ ಬಿಸಿಲನ್ನೂ ಗಾಳಿಯನ್ನೂ ತಡೆಯುವ ಗೋಡೆಯಾಗಬಹುದು. 1915ರಲ್ಲಿ ‘ಈಕ್ವಿಟಬಲ್’ ಎಂಬ ಕಟ್ಟಡವು ಕಾಲುದಾರಿಯ ಅಂಚಿನಿಂದಲೇ ನೆಟ್ಟಗೆ ಮೇಲೆದ್ದು ನೆರೆಯ ಕಟ್ಟಡಗಳನ್ನು ನೆರಳಿನಲ್ಲಿ ಮುಳುಗಿಸಿತು. ಜನರಲ್ಲಿ ಅಸಮಾಧಾನ ಹಬ್ಬಿತು. ಮರುವರ್ಷವೇ, ಅಂದರೆ 1916ರಲ್ಲಿ, ನಗರವು ಒಂದು ಕಾನೂನನ್ನು ಜಾರಿಗೆ ತಂದಿತು. ಗೊತ್ತಾದ ಎತ್ತರವನ್ನು ಮುಟ್ಟಿದ ಮೇಲೆ ಕಟ್ಟಡವು ಬೀದಿಯಿಂದ ಹಿಂದಕ್ಕೆ ಸರಿಯುತ್ತ ಏರಬೇಕು. ನಿವೇಶನದ ನಾಲ್ಕನೆಯ ಒಂದು ಭಾಗದ ಮೇಲೆ ಮಾತ್ರ ಮಿತಿಯಿಲ್ಲದೆ ಏರಬಹುದು. ಇದರಿಂದ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗಿ ಗೋಪುರವಾಗಿ ಕೊನೆಗೊಳ್ಳುವ ರೂಪವು ಹುಟ್ಟಿತು. 1930ರ ಕ್ರೈಸ್ಲರ್ ಸೌಧ, 1931ರಲ್ಲಿ ಮುಗಿದ 381 ಮೀಟರ್ ಎತ್ತರದ ಎಂಪೈರ್ ಸ್ಟೇಟ್ ಸೌಧ ಮುಂತಾದುವು ಹೀಗೆ ರೂಪುಗೊಂಡವು. ಜಗತ್ತು ಮೆಚ್ಚಿದ ಆ ಚೆಲುವಿನ ಹಿಂದೆ ಶಿಲ್ಪಿಯ ಕಲ್ಪನೆಯ ಜೊತೆಗೆ, ಬೀದಿಗೆ ಬೆಳಕು ಬೀಳಬೇಕೆಂಬ ನಾಗರಿಕರ ಹಟವೂ ಇತ್ತೆಂಬುದನ್ನು ಮರೆಯಲಾಗದು.

ಮುಂದೆ 1961ರಲ್ಲಿ ಕಾನೂನು ಬದಲಾಯಿತು. ಕಟ್ಟಡದ ಮುಂದೆ ಸಾರ್ವಜನಿಕರಿಗೆ ಬಯಲು ಬಿಟ್ಟವರಿಗೆ ಹೆಚ್ಚಿನ ಅಂತಸ್ತುಗಳನ್ನು ಕಟ್ಟುವ ಅನುಮತಿ ದೊರೆಯಿತು. ಗೋಪುರಗಳು ಹಿಂದೆ ಸರಿದು, ಚಪ್ಪಟೆ ನೆತ್ತಿಯ ಗಾಜಿನ ಪೆಟ್ಟಿಗೆಗಳಂತಹ ಕಟ್ಟಡಗಳು ಎದ್ದವು. 1970ರ ದಶಕದ ಆರಂಭದಲ್ಲಿ ಮುಗಿದ 110 ಅಂತಸ್ತುಗಳ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಸೌಧಗಳನ್ನು ಮೊದಮೊದಲು ಹಲವರು ಹಳಿದರು. 2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರ ದಾಳಿಗೆ ಅವು ಸಾವಿರಾರು ಜೀವಗಳೊಡನೆ ಕುಸಿದಾಗ, ಗಗನರೇಖೆಯಲ್ಲಿ ಬಿದ್ದ ಆ ಬರಿದಾದ ಎಡೆಯು ನಗರದ ಶೋಕದ ಚಿಹ್ನೆಯೇ ಆಯಿತು. ಅದೇ ಸ್ಥಳದಲ್ಲಿ 2014ರಲ್ಲಿ ತೆರೆದ ಹೊಸ ಸೌಧದ ಎತ್ತರ 1776 ಅಡಿ. ಅಮೆರಿಕವು ಸ್ವಾತಂತ್ರ್ಯ ಘೋಷಿಸಿದ ವರ್ಷವನ್ನು ಆ ಸಂಖ್ಯೆ ನೆನಪಿಸುತ್ತದೆ.

ನ್ಯೂಯಾರ್ಕಿನ ಕಾನೂನು ಬೀದಿಯ ಬೆಳಕನ್ನು ಕಾಯಲು ಹೊರಟಿತು. ಲಂಡನ್ ನಗರ ಒಂದು ನೋಟವನ್ನು ಕಾಯಲು ಹೊರಟಿತು. 1666ರ ಮಹಾಗ್ನಿಯಲ್ಲಿ ಹಳೆಯ ಸಂತ ಪಾಲರ ಇಗರ್ಜಿಯು ನಾಶವಾಯಿತು. ಕ್ರಿಸ್ಟೊಫರ್ ರೆನ್ ಎಂಬ ಶಿಲ್ಪಿಯು 1675ರಲ್ಲಿ ಹೊಸ ಇಗರ್ಜಿಯನ್ನು ಕಟ್ಟಿಸತೊಡಗಿದನು. ಅದು ಮುಗಿಯಲು ಮೂವತ್ತೈದು ವರ್ಷಗಳೇ ಬೇಕಾದವು. ಸುಮಾರು 111 ಮೀಟರ್ ಎತ್ತರದ ಅದರ ಗುಮ್ಮಟವು ಎರಡೂವರೆ ಶತಮಾನಗಳ ಕಾಲ ಲಂಡನ್ನಿನ ಗಗನರೇಖೆಯನ್ನು ಆಳಿತು. 1930ರ ದಶಕದಲ್ಲಿ ಎತ್ತರದ ಕಟ್ಟಡಗಳು ಅದನ್ನು ಮರೆಮಾಡತೊಡಗಿದಾಗ ಸುತ್ತಣ ಕಟ್ಟಡಗಳ ಎತ್ತರಕ್ಕೆ ಮಿತಿಯನ್ನು ಗೊತ್ತುಪಡಿಸಲಾಯಿತು. ಹದಿನಾರು ಕಿಲೋಮೀಟರ್ ದೂರದ ರಿಚ್ಮಂಡ್ ಉದ್ಯಾನದ ಒಂದು ದಿಬ್ಬದಿಂದ ಮರಗಳ ನಡುವಿನ ಸಂದಿಯಲ್ಲಿ ಗುಮ್ಮಟವು ಕಾಣುತ್ತದೆ. ಆ ನೋಟಕ್ಕೆ ಅಡ್ಡಿಯಾಗಬಾರದೆಂಬ ನಿಯಮವೂ ಉಂಟು.

ಹೀಗೆಂದು ಲಂಡನ್ ಹಳೆಯದಾಗಿಯೇ ಉಳಿಯಿತೆಂದು ತಿಳಿಯಬಾರದು. 2012ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ 310 ಮೀಟರಿನ ‘ಶಾರ್ಡ್’ ತಲೆಯೆತ್ತಿತು. 2014ರಲ್ಲಿ ಲೆಡನ್‌ಹಾಲ್ ಬೀದಿಯಲ್ಲಿ ಮುಗಿದ 225 ಮೀಟರ್ ಎತ್ತರದ ಸೌಧವೊಂದರ ರಚನೆ ಗಮನಾರ್ಹವಾದುದು. ಫ್ಲೀಟ್ ಬೀದಿಯಿಂದ ನೋಡುವವರಿಗೆ ಗುಮ್ಮಟದ ಹಿಂದೆ ಅದು ಗೋಡೆಯಂತೆ ಎದ್ದು ಕಾಣದಿರಲೆಂದು ಶಿಲ್ಪಿಗಳು ಅದರ ಒಂದು ಮುಖವನ್ನು ಇಳಿಜಾರಾಗಿ ಹಿಂದಕ್ಕೆ ಬಾಗಿಸಿದರು. ಹಿರಿಯರು ಬಂದಾಗ ಕಿರಿಯರು ಪಕ್ಕಕ್ಕೆ ಸರಿದು ದಾರಿ ಬಿಡುವುದಿಲ್ಲವೆ? ಅದರಂತೆಯೇ ಈ ಕಟ್ಟಡವು ತನಗಿಂತ ಮುನ್ನೂರು ವರ್ಷ ಹಿರಿಯದಾದ ಗುಮ್ಮಟಕ್ಕೆ ದಾರಿ ಬಿಟ್ಟಿದೆ.

ಹೊಸದನ್ನು ಕಂಡೊಡನೆ ಹಳಿಯುವುದೂ ವಿವೇಕವಲ್ಲ ಎಂಬುದಕ್ಕೆ ಪ್ಯಾರಿಸ್ ನಗರ ಸಾಕ್ಷಿ. 1887ರಲ್ಲಿ ಐಫೆಲ್ ಗೋಪುರದ ಕೆಲಸ ಆರಂಭವಾದಾಗ ಫ್ರಾನ್ಸಿನ ಹೆಸರಾಂತ ಸಾಹಿತಿಗಳೂ ಕಲಾವಿದರೂ ಅದನ್ನು ಬಹಿರಂಗವಾಗಿ ಪ್ರತಿಭಟಿಸಿದರು. 1889ರಲ್ಲಿ ಪೂರ್ಣಗೊಂಡ ಆ ಗೋಪುರಕ್ಕೆ ದೊರೆತಿದ್ದ ಅನುಮತಿ ಇಪ್ಪತ್ತು ವರ್ಷಗಳದು ಮಾತ್ರ. ನಿಸ್ತಂತು ಸಂದೇಶಗಳಿಗೆ ಉಪಯುಕ್ತವೆಂದು ಅದು ಉಳಿಯಿತು. ಇಂದು ಅದಿಲ್ಲದ ಪ್ಯಾರಿಸನ್ನು ಊಹಿಸಲೂ ಆಗದು. 1973ರಲ್ಲಿ ತೆರೆದ ಸುಮಾರು 210 ಮೀಟರಿನ ಮೋನ್‌ಪರ್ನಾಸ್ ಸೌಧಕ್ಕೆ ಆ ಅದೃಷ್ಟ ಒದಗಲಿಲ್ಲ. ಪ್ಯಾರಿಸಿನ ಅತ್ಯಂತ ಸುಂದರವಾದ ನೋಟ ಕಾಣುವುದು ಆ ಸೌಧದ ಮೇಲಿನಿಂದಲೇ, ಏಕೆಂದರೆ ಅಲ್ಲಿಂದ ಮಾತ್ರ ಆ ಸೌಧ ಕಾಣುವುದಿಲ್ಲವೆಂದು ಜನ ನಗೆಯಾಡುತ್ತ ಬಂದಿದ್ದಾರೆ. ಅದರ ಅನುಭವದಿಂದ ಎಚ್ಚೆತ್ತ ನಗರವು 1977ರಲ್ಲಿ ಹೊಸ ಕಟ್ಟಡಗಳಿಗೆ 37 ಮೀಟರುಗಳ ಮಿತಿಯನ್ನು ವಿಧಿಸಿತು. ಎತ್ತರದ ಕಚೇರಿಗಳ ಸಮೂಹವು ನಗರದ ಹೊರಗಣ ‘ಲಾ ದೆಫಾನ್ಸ್’ ಎಂಬಲ್ಲಿ ಬೆಳೆಯಿತು.

ಈ ನಗರಗಳ ಗಗನರೇಖೆಯನ್ನು ಕಟ್ಟಡಗಳೇ ರಚಿಸಿದರೆ, ಹಾಂಗ್‌ಕಾಂಗಿನಲ್ಲಿ ಬೆಟ್ಟವೂ ಕಡಲೂ ಅದರಲ್ಲಿ ಪಾಲುಗೊಳ್ಳುತ್ತವೆ. ಮುಂದೆ ವಿಕ್ಟೋರಿಯಾ ಬಂದರಿನ ನೀರು, ನಡುವೆ ಕಿಕ್ಕಿರಿದ ಸೌಧಗಳು, ಹಿಂದೆ 552 ಮೀಟರ್ ಎತ್ತರದ ಹಸುರು ಶಿಖರ. ಈ ಮೂರರ ಕೂಟದಿಂದ ಅಲ್ಲಿನ ಸೊಬಗು ಹುಟ್ಟಿದೆ. ಸೌಧಗಳು ಬೆಟ್ಟವನ್ನೇ ನುಂಗಿದರೆ ಆ ಸೊಬಗು ಉಳಿಯದೆಂದು ಅರಿತ ಯೋಜಕರು 1991ರಲ್ಲಿ, ಬೆಟ್ಟದ ಏಣಿನ ಕೆಳಗಣ ಐದನೆಯ ಒಂದು ಭಾಗವಾದರೂ ಮರೆಯಾಗದಂತೆ ಕಟ್ಟಬೇಕೆಂದು ಸೂಚಿಸಿದರು. ಈ ಸೂಚನೆ ಎಲ್ಲೆಡೆಯೂ ನಡೆಯಲಿಲ್ಲ. ಕೆಲವು ಸೌಧಗಳು ಬೆಟ್ಟದ ಗೆರೆಯನ್ನು ದಾಟಿಯೇ ನಿಂತಿವೆ.

ಇನ್ನು ನಮ್ಮ ದೇಶದ ಮುಂಬಯಿಯನ್ನು ನೋಡೋಣ. ಅಲ್ಲಿನ ಓವಲ್ ಮೈದಾನದ ಒಂದು ಬದಿಗೆ 1878ರಲ್ಲಿ ಪೂರ್ಣಗೊಂಡ, ಸುಮಾರು 85 ಮೀಟರ್ ಎತ್ತರದ ರಾಜಾಬಾಯಿ ಗಡಿಯಾರದ ಗೋಪುರವೂ ಅದರ ಕಾಲದ ಭವನಗಳೂ ಇವೆ. ಇನ್ನೊಂದು ಬದಿಗೆ ಇಪ್ಪತ್ತನೆಯ ಶತಮಾನದ ವಸತಿಗೃಹಗಳ ಸಾಲು ಇದೆ. ಎರಡು ಯುಗಗಳು ಬಯಲಿನ ಆಚೀಚೆ ಎದುರುಬದುರಾಗಿ ನಿಂತಿರುವ ಈ ಸಮೂಹವನ್ನು 2018ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಅಲ್ಲಿಂದ ಉತ್ತರಕ್ಕೆ ಹೋದರೆ ಬೇರೊಂದು ಕತೆ ತೆರೆದುಕೊಳ್ಳುತ್ತದೆ. ಪರೇಲ್ ಮತ್ತು ಅದರ ಆಸುಪಾಸಿನ ಗಗನರೇಖೆಯನ್ನು ಒಂದು ಕಾಲಕ್ಕೆ ಎಳೆದುವು ಹತ್ತಿಯ ಗಿರಣಿಗಳ ಹೊಗೆಗೊಳವೆಗಳು. 1982ರ ಜನವರಿಯಲ್ಲಿ ಸುಮಾರು 2,50,000 ಕಾರ್ಮಿಕರು ಮುಷ್ಕರ ಹೂಡಿದರು. ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮದ ಪ್ರಕಾರ, ಗಿರಣಿಯ ನೆಲವನ್ನು ಹೊಸದಾಗಿ ಬಳಸುವಾಗ ಒಂದು ಪಾಲು ಸಾರ್ವಜನಿಕ ಬಯಲಿಗೂ ಒಂದು ಪಾಲು ಜನಸಾಮಾನ್ಯರ ವಸತಿಗೂ ಸಲ್ಲಬೇಕಾಗಿತ್ತು. 2001ರ ತಿದ್ದುಪಡಿಯಿಂದ ಈ ಹಂಚಿಕೆಯು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಅನ್ವಯಿಸಿ, ಆ ಪಾಲುಗಳು ಬಹಳ ಕುಗ್ಗಿದವು. ವಿವಾದವು ನ್ಯಾಯಾಲಯದ ಮೆಟ್ಟಿಲೇರಿತಾದರೂ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಹೊಗೆಗೊಳವೆಗಳಿದ್ದೆಡೆಯಲ್ಲಿ ಗಾಜಿನ ಸೌಧಗಳು ಹೊಳೆಯುತ್ತಿವೆ. ದೂರದಿಂದ ಅವು ಸುಂದರವೇ. ಆದರೆ ಆ ಗೆರೆಯ ಕೆಳಗೆ ಮಕ್ಕಳಿಗೆ ಸಿಗಬಹುದಾಗಿದ್ದ ಆಟದ ಬಯಲೂ ಕಾರ್ಮಿಕರಿಗೆ ಸಿಗಬಹುದಾಗಿದ್ದ ಸೂರೂ ಅಡಗಿಹೋಗಿವೆ.

ಈ ನಗರಗಳನ್ನು ಹೋಲಿಸಿ ನೋಡಿದಾಗ ಗಗನರೇಖೆಯ ಸೌಂದರ್ಯವು ಮೀಟರುಗಳ ಲೆಕ್ಕದಲ್ಲಿಲ್ಲವೆಂಬುದು ಮನದಟ್ಟಾಗುತ್ತದೆ. ಎಲ್ಲ ಕಟ್ಟಡಗಳೂ ಒಂದೇ ಎತ್ತರಕ್ಕೆ ನಿಂತರೆ ಅದು ಗೋಡೆ. ಒಂದರ ಪರಿವೆ ಇನ್ನೊಂದಕ್ಕಿಲ್ಲದೆ ಎದ್ದರೆ ಅದು ಗೊಂದಲ. ಏರಿಗೆ ಇಳಿತವೂ, ಹೊಸತಿಗೆ ಹಳತೂ, ಕಟ್ಟಡಕ್ಕೆ ಬಯಲೂ ಜೊತೆಯಾಗಬೇಕು. ನೆಲದ ಸಹಜ ರೂಪವಾದ ನದಿ, ಕಡಲು, ಬೆಟ್ಟಗಳಿಗೆ ಅದು ಹೊಂದಿಕೊಳ್ಳಬೇಕು. ಸಂಗೀತದಲ್ಲಿ ಸ್ವರಗಳ ನಡುವಣ ಬಿಡುವು ಎಷ್ಟು ಮುಖ್ಯವೋ ಗಗನರೇಖೆಯಲ್ಲಿ ಕಟ್ಟಡಗಳ ನಡುವೆ ಕಾಣುವ ಬಾನೂ ಅಷ್ಟೇ ಮುಖ್ಯ.

ಜೀವಂತವಾದ ನಗರವು ಬದಲಾಗದೆ ಇರಲಾರದು. ಜನ ಹೆಚ್ಚಿದಂತೆ ಮನೆಗಳು ಬೇಕು, ಕೆಲಸದ ಎಡೆಗಳು ಬೇಕು. ಊರು ಹೊಲಗದ್ದೆಗಳನ್ನು ನುಂಗುತ್ತ ಹರಡುವುದಕ್ಕಿಂತ ಮೇಲಕ್ಕೆ ಬೆಳೆಯುವುದು ಕೆಲವೊಮ್ಮೆ ಲೇಸೂ ಹೌದು. ಆದರೆ ನೆಲಕ್ಕೆ ಒಡೆಯನಿದ್ದಾನೆ. ಅದರ ಮೇಲಣ ಬಾನಿನ ನೋಟಕ್ಕೆ ಊರಿನವರೆಲ್ಲರೂ ಬಾಧ್ಯರು. ಕೆಡವಿದ ಕಟ್ಟಡವಾಗಲಿ ಮುಚ್ಚಿಹೋದ ನೋಟವಾಗಲಿ ಸುಲಭವಾಗಿ ಮರಳಿ ಬಾರದು. ಆದುದರಿಂದ ಎಲ್ಲಿ ಏರಬೇಕು, ಎಲ್ಲಿ ತಡೆಯಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಹಣ ಮತ್ತು ಯಂತ್ರಗಳ ಪಾಲಿಗೆ ಬಿಟ್ಟುಕೊಡದೆ ನಾಗರಿಕರು ಕೂಡಿ ಆಲೋಚಿಸಬೇಕು. 1916ರ ನ್ಯೂಯಾರ್ಕಿನ ಜನರು ಕೇಳಿದುದು ತಮ್ಮ ಬೀದಿಗೆ ಬೀಳಬೇಕಾದ ಬಿಸಿಲನ್ನು. ಆ ಬೇಡಿಕೆಯೇ ಅವರ ನಗರಕ್ಕೆ ಹೊಸದೊಂದು ಚೆಲುವನ್ನು ತಂದಿತು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಗನರೇಖೆ ಎಂದರೇನು?
2. ಓಟಿಸ್ ರಚಿಸಿದ ಲಿಫ್ಟಿನ ವಿಶೇಷವೇನು?
3. ಐಫೆಲ್ ಗೋಪುರವು ಇಪ್ಪತ್ತು ವರ್ಷಗಳ ಅನಂತರವೂ ಉಳಿಯಲು ಕಾರಣವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. 1916ರ ಕಾನೂನು ನ್ಯೂಯಾರ್ಕಿನ ಕಟ್ಟಡಗಳ ರೂಪವನ್ನು ಹೇಗೆ ಬದಲಾಯಿಸಿತು?
2. ಲೆಡನ್‌ಹಾಲ್ ಬೀದಿಯ ಸೌಧವು ಹಳೆಯ ಗುಮ್ಮಟಕ್ಕೆ ತೋರಿದ ಗೌರವ ಯಾವ ಬಗೆಯದು?
3. ಮುಂಬಯಿಯ ಗಿರಣಿಗಳ ನೆಲದಲ್ಲಿ ಜನಸಾಮಾನ್ಯರು ಕಳೆದುಕೊಂಡುದೇನು?

ಇ) ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯು ಈ ಪಾಠದಲ್ಲಿ ಬಂದಿರುವ ಸಂದರ್ಭವನ್ನು ವಿವರಿಸಿರಿ.

ಈ) ನಿಮ್ಮ ಊರಿನ ಗಗನರೇಖೆಯನ್ನು ಒಂದು ಎತ್ತರದ ಸ್ಥಳದಿಂದ ನೋಡಿ ಅದರ ಚಿತ್ರವನ್ನು ಬರೆಯಿರಿ. ಐವತ್ತು ವರ್ಷಗಳ ಹಿಂದೆ ಅದು ಹೇಗಿತ್ತೆಂಬುದನ್ನು ಹಿರಿಯರಿಂದ ಕೇಳಿ ತಿಳಿದು, ಎರಡನ್ನೂ ಹೋಲಿಸಿ ಒಂದು ಪ್ರಬಂಧವನ್ನು ರಚಿಸಿರಿ.