ತೊಗರಿ ಬೇಸಾಯದ ವಿಡಿಯೊ ಉಳಿಸಿಕೊಳ್ಳುವ ಕ್ರಮ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿ ತಾಲ್ಲೂಕುಗಳಲ್ಲಿ ತೊಗರಿಯು ಮುಂಗಾರಿನ ಮುಖ್ಯ ಬೆಳೆ. ಕುಡಿ ಚಿವುಟುವುದು, ಕಾಯಿಕೊರಕದ ಮೊಟ್ಟೆ ಗುರುತಿಸುವುದು ಮುಂತಾದ ಕೆಲಸಗಳನ್ನು ಓದಿ ತಿಳಿಯುವುದಕ್ಕಿಂತ ನೋಡಿ ಕಲಿಯುವುದು ಸುಲಭ. ಆದರೆ ವಾಡಿ, ಶಹಾಬಾದ ಪಟ್ಟಣಗಳಲ್ಲಿ ಸರಾಗವಾಗಿ ಓಡುವ ವಿಡಿಯೊ ಸಿಗ್ನಲ್ ಕಡಿಮೆಯಿರುವ ಹೊಲದಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಔಷಧಿಯ ಪ್ರಮಾಣ ಹೇಳುವಾಗಲೇ ನಿಂತರೆ ರೈತನು ಅಂದಾಜಿನ ಮೇಲೆ ಸಿಂಪಡಿಸಬೇಕಾಗುತ್ತದೆ. ಇದರಿಂದ ಹಣ ವ್ಯರ್ಥವಾಗುವುದಲ್ಲದೆ ಬೆಳೆಗೂ ಅಪಾಯ. ಆದ್ದರಿಂದ ಬೇಕಾದ ವಿಡಿಯೊಗಳನ್ನು ಮೊದಲೇ ಉಳಿಸಿಟ್ಟುಕೊಳ್ಳುವುದು ಲೇಸು.

ಯಾವಾಗ, ಯಾವುದನ್ನು?

ಬೆಳೆಯ ಹಂತಕ್ಕೆ ಒಂದೆರಡು ವಿಡಿಯೊ ಸಾಕು.

1. ಬಿತ್ತನೆಗೆ ಮುಂಚೆ: ಬೀಜೋಪಚಾರ. ನೆಟೆ ರೋಗದ ಹತೋಟಿಗೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಬಳಸಬೇಕು.
2. ಬಿತ್ತಿದ 45-50 ದಿನಗಳಲ್ಲಿ: ಕುಡಿ ಚಿವುಟುವ ವಿಧಾನ.
3. ಹೂ ಬಿಡುವಾಗ: ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಸಿಂಪರಣೆ. ಲೀಟರ್ ನೀರಿಗೆ 10 ಗ್ರಾಂ. 15 ದಿನಗಳ ನಂತರ ಇನ್ನೊಮ್ಮೆ.
4. ಹೂ ಮತ್ತು ಕಾಯಿ ಹಂತದಲ್ಲಿ: ಮೋಹಕ ಬಲೆ ಕಟ್ಟುವುದು, ಗಿಡ ಅಲ್ಲಾಡಿಸಿ ಕೀಡೆ ಉದುರಿಸುವುದು, ಶೇ. 5ರ ಬೇವಿನ ಬೀಜದ ಕಷಾಯ ತಯಾರಿಕೆ.

ಉಳಿಸಿಕೊಳ್ಳುವ ಕ್ರಮ

ಪೇಟೆಗೆ ಹೋದಾಗ ಅಥವಾ ಸಿಗ್ನಲ್ ಚೆನ್ನಾಗಿರುವ ಕಡೆ ಯೂಟ್ಯೂಬ್ ಆ್ಯಪ್‌ನಲ್ಲಿ ವಿಡಿಯೊ ತೆರೆದು, ಕೆಳಗಿರುವ ‘ಡೌನ್‌ಲೋಡ್’ ಗುಂಡಿ ಒತ್ತಬೇಕು. ಭಾರತದಲ್ಲಿ ಈ ಸೌಲಭ್ಯ 2014ರ ಡಿಸೆಂಬರಿನಲ್ಲಿ ಆರಂಭವಾಯಿತು. ಎಲ್ಲ ವಿಡಿಯೊಗಳಿಗೂ ಇದು ದೊರೆಯುವುದಿಲ್ಲ. ಗುಣಮಟ್ಟ ಕೇಳಿದಾಗ ಮಧ್ಯಮ, ಅಂದರೆ 360 ಆರಿಸಿದರೆ ಸಾಕು. ತೀರ ಕಡಿಮೆ ಗುಣಮಟ್ಟದಲ್ಲಿ ಕೀಟದ ಮೊಟ್ಟೆಯೂ ಡಬ್ಬಿಯ ಮೇಲಿನ ಅಕ್ಷರವೂ ಕಾಣುವುದಿಲ್ಲ. ಹೆಚ್ಚಿನದರಲ್ಲಿ ಡೇಟಾ ಬೇಗ ಮುಗಿಯುತ್ತದೆ. ಊರಿಗೆ ಹೊರಡುವ ಮುನ್ನ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವಿಡಿಯೊ ಕೊನೆಯವರೆಗೆ ಓಡುವುದೇ ಎಂದು ಪರೀಕ್ಷಿಸಬೇಕು.

ಅವಧಿಯ ಎಚ್ಚರಿಕೆ

ಹೀಗೆ ಉಳಿಸಿದ ವಿಡಿಯೊ ಶಾಶ್ವತವಲ್ಲ. ಹಣ ಕಟ್ಟದೆ ಬಳಸುವವರ ಮೊಬೈಲ್ ಸುಮಾರು 48 ಗಂಟೆಗಳೊಳಗೆ ಮತ್ತೆ ಇಂಟರ್‌ನೆಟ್‌ಗೆ ಸೇರದಿದ್ದರೆ ಅದು ತೆರೆಯದೆ ಹೋಗಬಹುದು. ಆದ್ದರಿಂದ ವಾರಗಟ್ಟಲೆ ಮುಂಚೆ ಇಳಿಸಿ ನೆಮ್ಮದಿಯಿಂದಿರದೆ, ಸಿಂಪರಣೆಯ ಹಿಂದಿನ ದಿನ ಇಳಿಸುವುದು ಸೂಕ್ತ. ಆ್ಯಪ್‌ನೊಳಗೆ ಉಳಿದದ್ದನ್ನು ಬೇರೊಬ್ಬರ ಮೊಬೈಲಿಗೆ ಕಳಿಸಲಾಗದು. ಇದಕ್ಕಾಗಿ ಗುರುತಿಲ್ಲದ ಆ್ಯಪ್‌ಗಳನ್ನು ಹಾಕಿಕೊಳ್ಳಬಾರದು. ಅವುಗಳಿಂದ ಮೊಬೈಲ್‌ನಲ್ಲಿರುವ ಬ್ಯಾಂಕ್ ವಿವರಗಳು ಕಳವಾಗುವ ಸಂಭವವಿದೆ. ವಿಸ್ತರಣಾ ಕಾರ್ಯಕರ್ತರು ತಾವೇ ಚಿತ್ರೀಕರಿಸಿದ ವಿಡಿಯೊಗಳನ್ನು ಮೆಮೊರಿ ಕಾರ್ಡ್ ಅಥವಾ ಬ್ಲೂಟೂತ್ ಮೂಲಕ ಕೊಟ್ಟರೆ ಈ ತೊಡಕು ಇರುವುದಿಲ್ಲ.

ಗುಂಪಿನಲ್ಲಿ ನೋಡುವುದು

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ ‘ಡಿಜಿಟಲ್ ಗ್ರೀನ್’ ಯೋಜನೆಯಲ್ಲಿ ಸ್ಥಳೀಯ ರೈತರೇ ಕಾಣಿಸಿಕೊಳ್ಳುವ ವಿಡಿಯೊಗಳನ್ನು ಇಂಟರ್‌ನೆಟ್ ಇಲ್ಲದೆಯೇ ಹಳ್ಳಿಗಳಲ್ಲಿ ತೋರಿಸಲಾಯಿತು. ನಡುನಡುವೆ ವಿಡಿಯೊ ನಿಲ್ಲಿಸಿ, ಪ್ರಶ್ನೆ ಕೇಳಿ, ಚರ್ಚಿಸುವುದು ಅದರ ವಿಶೇಷ. ಊರಿನ ಕಟ್ಟೆಯ ಮೇಲೆ ಐದಾರು ರೈತರು ಸೇರಿ ಒಂದೇ ಮೊಬೈಲಿನಲ್ಲಿಯೂ ಹೀಗೆ ಮಾಡಬಹುದು. ಮೊಬೈಲ್ ಇಲ್ಲದ ಮನೆಯವರಿಗೆ, ವಿಶೇಷವಾಗಿ ಕುಡಿ ಚಿವುಟುವ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ, ಇದರಿಂದ ಹೆಚ್ಚಿನ ಪ್ರಯೋಜನ.

ನೆನಪಿಡಬೇಕಾದ ಅಂಶಗಳು

* ವಿಡಿಯೊ ಯಾರದು, ಯಾವ ವರ್ಷದ್ದು ಎಂದು ನೋಡಬೇಕು. ಹಳೆಯ ವಿಡಿಯೊದ ಕೀಟನಾಶಕ ಈಗ ನಿಷೇಧವಾಗಿರಬಹುದು.
* ಔಷಧಿಯ ಹೆಸರು, ಪ್ರಮಾಣಗಳನ್ನು ಕಾಗದದಲ್ಲಿ ಬರೆದುಕೊಂಡು, ಡಬ್ಬಿಯ ಚೀಟಿಯೊಂದಿಗೆ ತಾಳೆ ನೋಡಬೇಕು.
* ಎರಡಕ್ಕೂ ತಾಳೆಯಾಗದಿದ್ದರೆ ಸಿಂಪರಣೆ ನಿಲ್ಲಿಸಿ, ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್‌ನ (1800-180-1551) ಸಲಹೆ ಪಡೆಯಬೇಕು.

ಮೊಬೈಲಿನ ಬ್ಯಾಟರಿ ಮುಗಿದರೂ ಕಿಸೆಯಲ್ಲಿನ ಚೀಟಿ ಕೈಬಿಡದು. ವಿಡಿಯೊ ನೋಡಿ ಕಲಿಯಬೇಕು. ಅಳತೆಯನ್ನು ಮಾತ್ರ ಬರೆದಿಟ್ಟುಕೊಂಡೇ ಹೊಲಕ್ಕೆ ಹೋಗಬೇಕು.