ಚಿತ್ರಕ್ಕೊಂದು ಮನೆ: ವೆಂಕಟಪ್ಪ ಚಿತ್ರಶಾಲೆಯ ಪರಂಪರೆ ಮತ್ತು ಧಾರವಾಡ ಗ್ರಾಮಸೀಮೆಯ ಪ್ರಶ್ನೆಗಳು

1

ಕನ್ನಡ ನಾಡಿನ ಎರಡು ಕಲೆಗಳಿಗೆ 1886ನೆಯ ಇಸವಿ ಮುಖ್ಯವಾದುದು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರೂ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರೂ ಹುಟ್ಟಿದ್ದು ಅದೇ ವರ್ಷ. ಸವಾಯಿ ಗಂಧರ್ವರ ಹೆಸರಿನೊಡನೆ ಧಾರವಾಡ ಜಿಲ್ಲೆಯ ಕುಂದಗೋಳ ಬಿಡಿಸಲಾಗದಂತೆ ಹೆಣೆದುಕೊಂಡಿದೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂಥ ಶಿಷ್ಯರು ವಿದ್ಯೆ ಪಡೆದ ಆ ಊರಿನ ನಾಡಿಗೇರ ವಾಡೆಯಲ್ಲಿ ಗುರುವಿನ ಸ್ಮರಣೆಯ ಸಂಗೀತೋತ್ಸವ ನಡೆದುಕೊಂಡು ಬಂದಿದೆ. ಒಂದು ತಾಲೂಕು ಸ್ಥಳದ ವಾಡೆಯು ಸಂಗೀತಕ್ಕೆ ಮನೆಯಾದ ಬಗೆ ಇದು. ಅದೇ ವರ್ಷ ಹುಟ್ಟಿದ ಚಿತ್ರಕಾರನ ಕೃತಿಗಳಿಗೆ ಮನೆ ದೊರೆತದ್ದು ಅವರು ತೀರಿಕೊಂಡ ಮೇಲೆ, ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ.

ಆ ಮನೆಯೇ ವೆಂಕಟಪ್ಪ ಚಿತ್ರಶಾಲೆ. ಕರ್ನಾಟಕದಲ್ಲಿ ಆಧುನಿಕ ಚಿತ್ರಕಲೆಗೆ ಸರ್ಕಾರವೇ ಕಟ್ಟಿಸಿಕೊಟ್ಟು ದೀರ್ಘಕಾಲ ನಡೆಸಿದ ಪ್ರದರ್ಶನಾಲಯಗಳಲ್ಲಿ ಇದು ಪ್ರಮುಖವಾದುದು. ಇದರ ಇತಿಹಾಸವನ್ನು ಸ್ಥೂಲವಾಗಿ ಗುರುತಿಸಿ, ಅದರ ಪರಂಪರೆಯು ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಗಳಂಥ ಊರುಗಳಿಗೆ ಯಾವ ಅರ್ಥದಲ್ಲಿ ಸಲ್ಲುತ್ತದೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

2

ವೆಂಕಟಪ್ಪನವರು ಮೈಸೂರು ಅರಮನೆಯನ್ನು ಆಶ್ರಯಿಸಿದ್ದ ಚಿತ್ರಗಾರ ಮನೆತನಕ್ಕೆ ಸೇರಿದವರು. ಕುಂಚ ಹಿಡಿಯುವುದು ಅವರಿಗೆ ಕುಲವೃತ್ತಿಯಾಗಿ ಬಂದ ವಿದ್ಯೆ. ಅರಮನೆಯ ನೆರವಿನಿಂದ ಅವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸ್, ಅಸಿತ ಕುಮಾರ ಹಲ್ದಾರ್ ಮೊದಲಾದವರು ಅವರ ಸಹಪಾಠಿಗಳು. ಅಜಂತೆಯ ಭಿತ್ತಿಚಿತ್ರಗಳ ಪ್ರತಿ ತೆಗೆಯಲು ಲೇಡಿ ಹೆರಿಂಗ್‌ಹ್ಯಾಮ್ ಕಟ್ಟಿದ ತಂಡದಲ್ಲಿ ಅವರಿದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ-ಬೌದ್ಧ ಪುರಾಣಕಥೆಗಳ ಗ್ರಂಥ 1913ರಲ್ಲಿ ಪ್ರಕಟವಾದಾಗ ಅದರಲ್ಲಿ ಅವರ ಚಿತ್ರಗಳೂ ಸೇರಿದ್ದವು.

ಬಂಗಾಳದ ಹೊಸ ಚಿತ್ರಪಂಥದ ಉತ್ಸಾಹದೊಳಗೆ ಬೆಳೆದರೂ ವೆಂಕಟಪ್ಪನವರು ಅದರ ನೆರಳಾಗಿ ಉಳಿಯಲಿಲ್ಲ. ಮೈಸೂರಿಗೆ ಮರಳಿದ ಮೇಲೆ ಅವರು ಬರೆದ ಉದಕಮಂಡಲ ಮತ್ತು ಕೊಡೈಕನಾಲಿನ ನಿಸರ್ಗಚಿತ್ರಗಳಲ್ಲಿ ಪುರಾಣದ ಪಾತ್ರಗಳಿಲ್ಲ. ಮಂಜು, ಬೆಳದಿಂಗಳು, ಬೆಟ್ಟದ ಏರಿಳಿತ, ಮರಗಳ ಅಂಚು ಇವೇ ಅಲ್ಲಿಯ ವಸ್ತು. ಜಲವರ್ಣದ ತೆಳುಪದರಗಳನ್ನು ತಾಳ್ಮೆಯಿಂದ ಕೂಡಿಸುತ್ತ ಹೋಗುವ ಆ ವಿಧಾನದ ಹಿಂದೆ ಚಿತ್ರಗಾರ ಮನೆತನದ ಸೂಕ್ಷ್ಮ ಕುಂಚಗಾರಿಕೆಯೂ ಕಲ್ಕತ್ತೆಯ ಶಿಕ್ಷಣವೂ ಒಟ್ಟಿಗೆ ಇವೆ. ದಂತದ ಮೇಲಿನ ಚಿತ್ರಗಳು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಶಿಲ್ಪಗಳು ಅವರ ಕೈಗೆಲಸದ ಇನ್ನೆರಡು ಮುಖಗಳು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತು ವರ್ಷಗಟ್ಟಲೆ ಅದರ ಸಾಧನೆಯಲ್ಲಿ ತೊಡಗಿದ್ದೂ ಉಂಟು.

ಅವರ ಬದುಕಿನ ಉತ್ತರಾರ್ಧದ ಒಂದು ಸಂಗತಿ ನಮ್ಮ ವಿಷಯಕ್ಕೆ ವಿಶೇಷವಾಗಿ ಪ್ರಸ್ತುತ. ಅರಮನೆಯ ಕೆಲಸ 1940ರಲ್ಲಿ ನಿಂತುಹೋದ ಮೇಲೆ ತಮಗೆ ಸಲ್ಲಬೇಕಾದ ಸಂಭಾವನೆಗಾಗಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಈ ವ್ಯಾಜ್ಯವನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ಅವರು ವೆಂಕಟಪ್ಪನವರನ್ನು ಕುರಿತ ತಮ್ಮ ಅಧ್ಯಯನದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಕಲಾವಿದನು ಒಡೆಯನ ಸೇವಕನೋ ತನ್ನ ದುಡಿಮೆಯ ಬೆಲೆಯನ್ನು ತಾನೇ ನಿರ್ಧರಿಸಬಲ್ಲ ಸ್ವತಂತ್ರನೋ ಎಂಬ ಪ್ರಶ್ನೆ ಆ ವ್ಯಾಜ್ಯದ ತಿರುಳು. ಆಶ್ರಯದ ವ್ಯವಸ್ಥೆಯಿಂದ ಸಾರ್ವಜನಿಕ ವ್ಯವಸ್ಥೆಗೆ ಕಲೆಯು ಸಾಗಿದ ದಾರಿಯಲ್ಲಿ ಇದೊಂದು ಮೈಲಿಗಲ್ಲು.

3

ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಚಿತ್ರಶಾಲೆ 1970ರ ದಶಕದ ನಡುವಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಆವರಣದಲ್ಲಿ ರೂಪುಗೊಂಡಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಸಂಗ್ರಹ ಅದಾಗಲೇ ಇತ್ತು. ಆದರೆ ಅದು ಅರಮನೆಯ ಸಂಗ್ರಹ. ಬೆಂಗಳೂರಿನ ಕಟ್ಟಡವಾದರೋ ಜನರ ತೆರಿಗೆಯ ಹಣದಿಂದ ಆದದ್ದು. ಅರಮನೆಯೊಡನೆ ವ್ಯಾಜ್ಯ ಹೂಡಿದವರ ಕೃತಿಗಳು ಕಡೆಗೆ ಸಾರ್ವಜನಿಕ ಸ್ವತ್ತಾಗಿ ನೆಲೆಗೊಂಡವು ಎಂಬುದು ಗಮನಾರ್ಹ.

ಈ ಚಿತ್ರಶಾಲೆ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು. ಒಬ್ಬ ಕಲಾವಿದನ ಕೃತಿಗಳನ್ನು ಚದುರಗೊಡದೆ ಒಂದೆಡೆ ಉಳಿಸಿದ್ದು ಮೊದಲನೆಯದು. ಬಿಡಿ ಚಿತ್ರವೊಂದು ಕಲಾವಿದನ ಒಂದು ಗಳಿಗೆಯನ್ನು ತೋರಿಸಿದರೆ, ಒಟ್ಟು ಸಂಗ್ರಹ ಅವನು ಬೆಳೆದ ಬಗೆಯನ್ನು ತೋರಿಸುತ್ತದೆ. ರಾಜಾರಾಂ ಅವರ ಶಿಲ್ಪಗಳಿಗೂ ಇಲ್ಲಿ ಸ್ಥಾನ ದೊರೆಯಿತು. ಎರಡನೆಯದು, ಹೊಸ ಕಲಾವಿದರಿಗೆ ಪ್ರದರ್ಶನದ ಅಂಗಣಗಳನ್ನು ಕಡಿಮೆ ಬಾಡಿಗೆಗೆ ಒದಗಿಸಿದ್ದು. ಖಾಸಗಿ ಗ್ಯಾಲರಿಗಳು ವಿರಳವಾಗಿದ್ದ ದಿನಗಳಲ್ಲಿ, ಮಾರಾಟದ ಭರವಸೆಯಿಲ್ಲದ ತರುಣರು ತಮ್ಮ ಕೃತಿಗಳನ್ನು ಗೋಡೆಗೇರಿಸಿ ಜನರ ಮುಂದೆ ನಿಲ್ಲಲು ಇದರಿಂದ ಸಾಧ್ಯವಾಯಿತು. ಬಾದಾಮಿಯಿಂದ ಬಂದ ಆರ್.ಎಂ. ಹಡಪದರು ಬೆಂಗಳೂರಿನಲ್ಲಿ 1968ರಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿದರು. ಇಂಥ ಶಾಲೆಗಳಿಂದ ಹೊರಬಂದ ತಲೆಮಾರುಗಳಿಗೆ ಸಾರ್ವಜನಿಕ ಅಂಗಣವೊಂದು ಅಗತ್ಯವಾಗಿತ್ತು. ಮೊದಲ ಕೆಲಸ ನೆನಪಿನದು, ಎರಡನೆಯದು ಅವಕಾಶದ್ದು. ಇವೆರಡೂ ಒಂದೇ ಸೂರಿನಡಿ ಇದ್ದುದರಲ್ಲಿಯೇ ಚಿತ್ರಶಾಲೆಯ ಮಹತ್ವವಿದೆ.

ಆ ಮಹತ್ವ ಪರೀಕ್ಷೆಗೆ ಒಳಗಾದದ್ದು 2015-16ರಲ್ಲಿ. ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಡಿ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಸಹಭಾಗಿತ್ವದಲ್ಲಿ ಹೊಸದಾಗಿ ರೂಪಿಸುವ ಒಡಂಬಡಿಕೆಯಾಯಿತು. ಅದನ್ನು ವಿರೋಧಿಸಿ ಕಲಾವಿದರು ವೇದಿಕೆ ಕಟ್ಟಿಕೊಂಡು ಹೋರಾಟಕ್ಕಿಳಿದರು. ಕಟ್ಟಡದ ನಿರ್ವಹಣೆ ಸಾಲದು, ಬೆಳಕಿನ ವ್ಯವಸ್ಥೆ, ಸಂರಕ್ಷಣೆ ಸುಧಾರಿಸಬೇಕು ಎಂಬುದನ್ನು ಕಲಾವಿದರೂ ಒಪ್ಪಿದ್ದರು. ಆದ್ದರಿಂದ ಖಾಸಗಿ ನೆರವಿಲ್ಲದೆ ಸುಧಾರಣೆ ಹೇಗೆ ಎಂಬ ಎದುರು ಪಕ್ಷದ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಲಾವಿದರ ಆಕ್ಷೇಪವಿದ್ದುದು ಅಧಿಕಾರದ ವಿಷಯದಲ್ಲಿ: ಯಾವುದನ್ನು ತೂಗುಹಾಕಬೇಕು, ಅಂಗಣ ಯಾರಿಗೆ ಯಾವ ದರಕ್ಕೆ ದೊರೆಯಬೇಕು ಎಂಬ ನಿರ್ಣಯ ಸಾರ್ವಜನಿಕರ ಕೈತಪ್ಪಬಾರದು ಎಂದು. ಆ ಯೋಜನೆ ಉದ್ದೇಶಿಸಿದ ರೂಪದಲ್ಲಿ ಮುಂದುವರಿಯಲಿಲ್ಲ. ಅದೇ ಕಸ್ತೂರಬಾ ರಸ್ತೆಯಲ್ಲಿ ಪ್ರತ್ಯೇಕ ಕಟ್ಟಡದಲ್ಲಿ ಖಾಸಗಿ ಕಲಾ ಮತ್ತು ಛಾಯಾಚಿತ್ರ ಸಂಗ್ರಹಾಲಯವೊಂದು 2023ರಲ್ಲಿ ತೆರೆಯಿತು. ಎರಡೂ ಬಗೆಯ ಸಂಸ್ಥೆಗಳಿಗೆ ನಗರದಲ್ಲಿ ಸ್ಥಳವಿದೆ, ಒಂದು ಇನ್ನೊಂದನ್ನು ನುಂಗಬೇಕಾಗಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

4

ಈಗ ಧಾರವಾಡದ ಗ್ರಾಮಸೀಮೆಯ ಕಡೆಗೆ ಬರಬಹುದು. ಚಿತ್ರವಿದ್ಯೆಯನ್ನು ಕಲಿಸುವ ಮನೆಗಳು ಈ ಭಾಗಕ್ಕೆ ಹೊಸವಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದುಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ಕಲಾಶಾಲೆಗಳು ಸುತ್ತಲಿನ ಹಳ್ಳಿಗಳ ಎಷ್ಟೋ ಹುಡುಗರಿಗೆ ಕುಂಚ ಹಿಡಿಸಿದವು. ಆದರೆ ಪ್ರದರ್ಶನದ, ಸಂಗ್ರಹದ, ವಿಮರ್ಶೆಯ ಕೇಂದ್ರ ಬೆಂಗಳೂರಾಯಿತು. ಕಲಿಯುವುದು ಇಲ್ಲಿ, ಕಾಣಿಸಿಕೊಳ್ಳುವುದು ಅಲ್ಲಿ ಎಂಬಂತಾಯಿತು.

ಇದಕ್ಕಿಂತ ಆಳವಾದ ಇನ್ನೊಂದು ವಿಭಜನೆಯಿದೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೋಡಿ. ಮರದ ಫಲಕಗಳ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳು ಮೂಡುತ್ತವೆ. ಅದನ್ನು ಬರೆಯುವವರು ಚಿತ್ರಗಾರರು. ನವಲಗುಂದದ ಜಮಖಾನೆಯಲ್ಲಿ ನವಿಲು, ಪಗಡೆಯ ಹಾಸುಗಳನ್ನು ಮಗ್ಗದ ಮೇಲೆ ಮೂಡಿಸುವವರು ಮನೆಯೊಳಗೆ ಕುಳಿತು ನೇಯುವ ಹೆಣ್ಣುಮಕ್ಕಳು. ಈ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಂದಿದೆ. ಆದರೂ ಇವು ಕರಕುಶಲ ಮಳಿಗೆಯಲ್ಲಿ ದೊರೆಯುವ ಸರಕುಗಳೆಂದೂ, ಚಿತ್ರಶಾಲೆಯ ಗೋಡೆಗೆ ಸೇರಿದವುಗಳಲ್ಲವೆಂದೂ ನಾವು ಎಣಿಸುತ್ತ ಬಂದಿದ್ದೇವೆ.

ಈ ಎಣಿಕೆಯನ್ನು ಪ್ರಶ್ನಿಸಲು ವೆಂಕಟಪ್ಪನವರೇ ಸಾಕು. ಕರ್ನಾಟಕದ ಆಧುನಿಕ ಚಿತ್ರಕಲೆಯ ಮೊದಲ ಹೆಸರುಗಳಲ್ಲಿ ಒಂದೆಂದು ನಾವು ಗೌರವಿಸುವ ಈ ಕಲಾವಿದರು ಚಿತ್ರಗಾರ ವೃತ್ತಿಯ ಮನೆಯಿಂದಲೇ ಬಂದವರು. ಕಲಘಟಗಿಯ ಚಿತ್ರಗಾರನಿಗೂ ಅವರಿಗೂ ನಡುವೆ ಇರುವ ಅಂತರದ ಬಹುಪಾಲು ಕಲ್ಕತ್ತೆಯ ಶಿಕ್ಷಣ, ಸಹಿ ಹಾಕುವ ಹಕ್ಕು ಮತ್ತು ಕೃತಿಗೆ ದೊರೆತ ಗೋಡೆ ಇವುಗಳದು. ತೊಟ್ಟಿಲು ಬರೆದವನ ಹೆಸರು ತೊಟ್ಟಿಲ ಮೇಲೆ ಉಳಿಯುವುದು ಅಪರೂಪ. ತೂಗಿದ ತಾಯಿಗೆ ಅದು ತವರಿನ ನೆನಪು, ಮಾರಿದವನಿಗೆ ಸರಕು. ಅದನ್ನು ಬರೆದ ಕೈಯ ಚರಿತ್ರೆ ಯಾರದೂ ಅಲ್ಲದಂತಾಗಿದೆ.

5

ಕನ್ನಡ ವಿಭಾಗಗಳಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಚಿತ್ರಕಲೆಯ ಬರವಣಿಗೆ ಕನ್ನಡ ಸಾಹಿತಿಗಳಿಗೆ ಹೊರಗಿನದೇನೂ ಆಗಿರಲಿಲ್ಲ. ಶಿವರಾಮ ಕಾರಂತರು ಭಾರತೀಯ ಚಿತ್ರಕಲೆಯನ್ನು ಕುರಿತೂ, ಅ.ನ. ಕೃಷ್ಣರಾಯರು ರವಿವರ್ಮನನ್ನು ಕುರಿತೂ ಗ್ರಂಥ ಬರೆದರು. ತಮ್ಮ ಕಾಲದ ವ್ಯಕ್ತಿಗಳನ್ನು ಸ್ಮರಿಸಿ ಬರೆದ ಸಂಪುಟಗಳಿಗೆ ಡಿ.ವಿ.ಜಿ.ಯವರು ಇಟ್ಟ ಹೆಸರೇ ‘ಜ್ಞಾಪಕ ಚಿತ್ರಶಾಲೆ’. ಚಿತ್ರಶಾಲೆಯೆಂದರೆ ನೆನಪನ್ನು ಕ್ರಮವಾಗಿ ಜೋಡಿಸಿ ಕಾಪಾಡುವ ತಾಣವೆಂಬ ಅರ್ಥ ಆ ಹೆಸರಿನಲ್ಲೇ ಇದೆ.

ನಮ್ಮ ವಿದ್ವತ್ತಿನ ಒಂದು ಅನುಭವವನ್ನು ಇಲ್ಲಿ ನೆನೆಯಬಹುದು. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದು ನಮಗೆ ತಿಳಿದದ್ದು ದೂರದ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನದಿಂದ. ಒಂದು ಶಾಸನ ಇಲ್ಲದಿದ್ದರೆ ಒಂದು ಮನೆತನದ ಸುಳಿವೇ ಅಳಿಯುತ್ತಿತ್ತು. ಪ್ರದರ್ಶನದ ಆಮಂತ್ರಣ ಪತ್ರಿಕೆ, ಕೃತಿಪಟ್ಟಿ, ವೃತ್ತಪತ್ರಿಕೆಯ ವಿಮರ್ಶೆ, ಚಿತ್ರಗಾರ ಮನೆತನದ ಹಿರಿಯರ ಮಾತು ಇವು ಆಧುನಿಕ ಕಲೆಯ ಶಾಸನಗಳು. ಕಲ್ಲಿನ ಶಾಸನಕ್ಕಿರುವ ಬಾಳಿಕೆ ಇವುಗಳಿಗಿಲ್ಲ.

ವೆಂಕಟಪ್ಪ ಚಿತ್ರಶಾಲೆಯ ನಿಜವಾದ ಪರಂಪರೆ ಅದು ಎತ್ತಿಹಿಡಿದ ತತ್ತ್ವದಲ್ಲಿದೆ: ಕೃತಿಗಳು ಒಟ್ಟಾಗಿ ಉಳಿಯಬೇಕು, ಅಂಗಣ ಬಡವನಿಗೂ ತೆರೆದಿರಬೇಕು, ಎರಡರ ಒಡೆತನವೂ ಜನರದಾಗಿರಬೇಕು. ಈ ತತ್ತ್ವಕ್ಕೆ ರಾಜಧಾನಿಯ ಕಟ್ಟಡವೇ ಬೇಕೆಂದಿಲ್ಲ ಎಂಬುದನ್ನು ಸಂಗೀತದ ಮಟ್ಟಿಗೆ ಕುಂದಗೋಳದ ವಾಡೆ ತೋರಿಸಿಕೊಟ್ಟಿದೆ. ತಾಲೂಕಿಗೊಂದು ಸಣ್ಣ ಚಿತ್ರಶಾಲೆ ಆಗುವವರೆಗೆ ಕಾಯಬೇಕಾಗಿಲ್ಲ. ಕಲಘಟಗಿಯ ತೊಟ್ಟಿಲುಗಳನ್ನು ಬರೆದವರ ಹೆಸರು, ಬಣ್ಣದ ಪಾಕ, ಪ್ರಸಂಗಗಳ ಪಟ್ಟಿ, ನವಲಗುಂದದ ನೇಕಾರ್ತಿಯರು ತಮ್ಮ ಹಾಸುಗಳಿಗೆ ಬಳಸುವ ಪದಗಳು ಇವನ್ನು ಅವರ ಅನುಮತಿಯೊಡನೆ, ಅವರ ಮಾತಿನಲ್ಲೇ ದಾಖಲಿಸುವ ಕೆಲಸವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದಲ್ಲಿ ಈಗಲೇ ಸೇರಿಸಬಹುದು. ಗೋಡೆ ಎದ್ದ ದಿನ ಅದರ ಮೇಲೆ ಬರೆಯಬೇಕಾದ ಹೆಸರುಗಳು ಆಗ ನಮ್ಮ ಕೈಯಲ್ಲಿರುತ್ತವೆ.