ಬೆಟ್ಟಕ್ಕೆ ಮೊದಲು ಬಂಡೆ

ಬೆಟ್ಟ, ಕಾಡು, ಹಳೆಯ ಗುಡಿ ನೋಡಲು ಹೊಸದಾಗಿ ಹೊರಟವರಿಗೆ ನಾನು ಮೊದಲ ಪಾಠ ಹೇಳುವುದು ಬೆಂಗಳೂರಿನ ಬಸವನಗುಡಿಯ ಕಹಳೆ ಬಂಡೆಯ ಮೇಲೆ. ಬಸ್ಸು ಹತ್ತುವುದು ಆಮೇಲೆ. ಬೆಳಿಗ್ಗೆ ಆರೂವರೆಗೆ ಬನ್ನಿ, ಬಂಡೆ ಇನ್ನೂ ತಂಪಾಗಿರುತ್ತದೆ. ಕೂತು ಸುತ್ತ ನೋಡಿ. ಕೆಳಗೆ ಕಲ್ಲು. ಪಕ್ಕದ ಗುಡಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಬಸವಣ್ಣ. ತಲೆಯ ಮೇಲೆ ಮರಗಳಲ್ಲಿ ತೂಗುವ ಬಾವಲಿಗಳು. ಕಲ್ಲು, ಕೈಕೆಲಸ, ಜೀವ: ನಾವು ಎಷ್ಟೇ ದೂರ ಹೋದರೂ ನೋಡುವುದು ಈ ಮೂರನ್ನೇ.

ಆದ್ದರಿಂದ ಯಾವ ಜಾಗಕ್ಕೆ ಹೋದರೂ ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕಾಯುತ್ತಿರುವುದು ಯಾವುದನ್ನು? ಉತ್ತರ ಗೊತ್ತಾದರೆ ಹೇಗೆ ನಡೆದುಕೊಳ್ಳಬೇಕೆಂಬುದು ತಾನಾಗಿ ಹೊಳೆಯುತ್ತದೆ. ಫಲಕದಲ್ಲಿರುವ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಕಲ್ಲು. ಇಲ್ಲಿಂದ ಲಾಲ್‌ಬಾಗಿಗೆ ನಡೆದೇ ಹೋಗಬಹುದು. ಅಲ್ಲಿನ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ವಯಸ್ಸು ಸುಮಾರು 300 ಕೋಟಿ ವರ್ಷ. ದಕ್ಷಿಣ ಭಾರತದ ತಳಪಾಯದಂತಿರುವ ಈ ಜಾತಿಯ ಕಲ್ಲಿಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರು ಬಂದದ್ದು 1916ರಲ್ಲಿ. ಇಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್. ಕುಕ್ಕುರುಗಾಲಲ್ಲಿ ಕೂತು ನೋಡಿ. ತೆಳುಬಣ್ಣದ ಪಟ್ಟೆ, ಕಪ್ಪು ಪಟ್ಟೆ, ಅಲ್ಲಲ್ಲಿ ಸೀರೆಯ ನೆರಿಗೆಯಂತೆ ಮಡಿಕೆ. ನೆಲದಾಳದ ಕಾವು ಮತ್ತು ಒತ್ತಡ ಗಟ್ಟಿ ಕಲ್ಲನ್ನೂ ನಾದಿದ ಗುರುತು ಅದು. ತಲೆಯೆತ್ತಿದರೆ ಕೆಂಪೇಗೌಡರ ಕಾಲದ ಗೋಪುರ. ನಮಗೆ ಅದೇ ಬಹಳ ಹಳೆಯದು; ಕಲ್ಲಿನ ಲೆಕ್ಕದಲ್ಲಿ ನಿನ್ನೆ ಸಂಜೆಯದು. ಬಂಡೆಯ ಮೇಲೆ ಮೊಳೆಯಲ್ಲಿ ಹೆಸರು ಗೀರಬಾರದು ಎಂದು ಇನ್ನು ನಾನು ಹೇಳಬೇಕೆ?

ಎರಡನೆಯದು ಕೈಕೆಲಸ. ಅದಕ್ಕೆ ನಂದಿಗೆ ಹೋಗೋಣ. ಊರಿನಿಂದ ಸುಮಾರು 60 ಕಿಲೋಮೀಟರ್. ಬೆಟ್ಟದ ಎತ್ತರ 1,478 ಮೀಟರ್. ಹೆಚ್ಚಿನವರು ಕತ್ತಲಲ್ಲೇ ಹೊರಟು, ಸೂರ್ಯೋದಯ ನೋಡಿ, ತಿಂಡಿ ತಿಂದು ಮರಳುತ್ತಾರೆ. ನೀವು ಹಾಗೆ ಮಾಡಬೇಡಿ. ಇಳಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಗೆ ಎರಡು ಗಂಟೆ ಕೊಡಿ. ಒಂಬತ್ತನೆಯ ಶತಮಾನದಿಂದ ವಿಜಯನಗರದ ಕಾಲದವರೆಗೆ ಒಬ್ಬರಾದ ಮೇಲೊಬ್ಬರು ಕಟ್ಟಿ ಬೆಳೆಸಿದ ಗುಡಿ ಇದು. ಬೆಟ್ಟದ ಮೇಲಿರುವವನು ಯೋಗನಂದೀಶ್ವರ, ಬುಡದಲ್ಲಿರುವವನು ಭೋಗನಂದೀಶ್ವರ. ಎರಡನ್ನೂ ನೋಡಿದರೆ ಯಾತ್ರೆ ಪೂರ್ತಿ. ಕಲ್ಯಾಣ ಮಂಟಪದ ಕಂಬಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಬುಡದಿಂದ ತುದಿಯವರೆಗೆ ಓದಿ. ಹತ್ತು ಕಂಬದ ಫೋಟೋ ತೆಗೆಯುವುದಕ್ಕಿಂತ ಹೆಚ್ಚು ಕಲಿಯುತ್ತೀರಿ.

ಈ ಗುಡಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಸ್ಮಾರಕಗಳ ಕಾಯ್ದೆಯ ಪ್ರಕಾರ ಇಂಥ ಸ್ಮಾರಕಕ್ಕೆ ಹಾನಿ ಮಾಡುವುದು ಅಪರಾಧ. 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೂ ಸಜೆಯಾಗಬಹುದು. ಭಕ್ತಿಯಿಂದಲೇ ಆದರೂ ಕೆತ್ತನೆಗೆ ಎಣ್ಣೆ, ಕುಂಕುಮ ಬಳಿಯಬೇಡಿ. ಜಿಡ್ಡಿಗೆ ದೂಳು ಕೂತು ಶಿಲ್ಪಿಯ ಉಳಿಯ ಗೆರೆ ಮುಚ್ಚಿಹೋಗುತ್ತದೆ.

ಮೂರನೆಯದು ಜೀವ, ಅಂದರೆ ಕಾಡು. ಇದೇ ಕಷ್ಟದ ಪಾಠ. ಕಾಯುತ್ತಿರುವುದು ಇಲ್ಲಿ ಕಣ್ಣಿಗೆ ಬೀಳಲೇಬೇಕೆಂದಿಲ್ಲ. ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ‘ಬನ್ನೇರುಘಟ್ಟ ನೋಡಿದ್ದೇವೆ ಮೇಷ್ಟ್ರೇ’ ಎಂದು ಮಕ್ಕಳು ಹೇಳುತ್ತಾರೆ. ಅವರು ನೋಡಿದ್ದು ಮೃಗಾಲಯ ಮತ್ತು ಸಫಾರಿ. 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ ಅದರಾಚೆಗೆ ಹಬ್ಬಿದ ಕಾಡು. ಅದು ಆನೆಗಳ ದಾರಿ.

ನಿಜವಾದ ಮಲೆನಾಡಿನ ಕಾಡಿಗೆ ಕುದುರೆಮುಖವನ್ನು ನೋಡಿ. ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ಬೆಟ್ಟದ ಬೆನ್ನೆಲ್ಲ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಮಳೆಗಾಲದಲ್ಲಿ ಕುಡಿದ ನೀರನ್ನು ಈ ಹುಲ್ಲೂ ಕಾಡೂ ತಿಂಗಳುಗಟ್ಟಲೆ ತೊಟ್ಟಿಕ್ಕಿಸುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವುದು ಇಲ್ಲಿನ ಗಂಗಾಮೂಲದಲ್ಲಿ. ಇಲ್ಲಿ ಗಣಿಗಾರಿಕೆ ನಿಲ್ಲಲು ಸುಪ್ರೀಂ ಕೋರ್ಟಿನ ತೀರ್ಪೇ ಬೇಕಾಯಿತು. 2005ರ ಕೊನೆಗೆ ಅದು ನಿಂತಿತು.

ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಬೇಸರ ಬೇಡ, ಒಂದು ಕಿಡಿಗೆ ಇಡೀ ಗುಡ್ಡ ಹೋದೀತು. ಮಳೆಗಾಲದಲ್ಲಿ ಇಂಬಳ ಕಾಲಿಗೆ ಹತ್ತುತ್ತದೆ. ಉದ್ದ ಕಾಲುಚೀಲ ಇರಲಿ. ಕಾಲುದಾರಿ ಬಿಟ್ಟು ಹುಲ್ಲು ತುಳಿಯಬೇಡಿ: ಬೇರು ಕಿತ್ತಲ್ಲಿ ಮಳೆ ಮಣ್ಣನ್ನು ಕೊಚ್ಚುತ್ತದೆ, ಆ ಮಣ್ಣು ಸೇರುವುದು ನದಿಯನ್ನು. ಸಿಂಗಳೀಕ ಕಾಣದಿದ್ದರೆ ‘ಏನೂ ಸಿಗಲಿಲ್ಲ’ ಎನ್ನಬೇಡಿ. ನಾವು ಹೋದದ್ದು ಅದರ ಮನೆಗೆ; ಹೊರಗೆ ಬಂದು ಮಾತಾಡಿಸಬೇಕೆಂಬ ಹಂಗು ಅದಕ್ಕಿಲ್ಲ.

ಊರಿಗೆ ಮರಳಿದ ಮೇಲೆ ಇನ್ನೊಂದು ಬೆಳಿಗ್ಗೆ ಕಹಳೆ ಬಂಡೆಗೆ ಬನ್ನಿ. ಅದೇ ಕಲ್ಲು, ಅದೇ ಬಸವಣ್ಣ, ಅವೇ ಬಾವಲಿಗಳು. ಇಲ್ಲಿ ಟಿಕೆಟ್ಟಿಲ್ಲ, ನಿಮ್ಮನ್ನು ಹಿಂಬಾಲಿಸಿ ಎಚ್ಚರಿಸುವ ಕಾವಲುಗಾರನಿಲ್ಲ. ಕಡಲೆಕಾಯಿ ತಿಂದ ಸಿಪ್ಪೆಯನ್ನು ನೀವಾಗಿಯೇ ಜೇಬಿಗೆ ಹಾಕಿಕೊಂಡರೆ ಕುದುರೆಮುಖ ನಿಮಗೆ ಕಲಿಸಿದ್ದು ಇಲ್ಲಿಗೂ ಬಂತು ಎಂದು ನಾನು ಸಂತೋಷಪಡುತ್ತೇನೆ.